ಮಳೆಗಾಲ ಬಂದೊಡನೆ ಹ್ಯಾಂಗ್ ಆಗುವ ಕಂಪ್ಯೂಟರ್: ಮದರ್‌ಬೋರ್ಡ್ ಬದಲಿಸುವ ಮೊದಲು

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರಕ್ಕೆ ಹತ್ತಿರ. ಆರು ವರ್ಷದ ಹಿಂದೆ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ಐ3 ಪ್ರೊಸೆಸರ್, 4 ಜಿಬಿಯ ಎರಡು ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಜೂನ್‌ನಿಂದ ಈಚೆಗೆ ದಿನಕ್ಕೆ ಎರಡು ಮೂರು ಸಲ ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತದೆ. ಮೌಸ್ ಕೂಡ ಅಲ್ಲಾಡುವುದಿಲ್ಲ. ಹಾಡು ಹಚ್ಚಿದ್ದರೆ ‘ಟರ್ರ್’ ಎಂದು ಒಂದೇ ಸದ್ದು ಹಿಡಿದು ನಿಲ್ಲುತ್ತದೆ. ಬೆಳಿಗ್ಗೆ ಕೆಲವೊಮ್ಮೆ ಮೂರು ಸಲ ಬಟನ್ ಒತ್ತಿದ ಮೇಲೆ ಪರದೆ ಬರುತ್ತದೆ. ಸಿಪಿಯು ಡಬ್ಬಿಗೆ ತಟ್ಟಿದರೆ ಸರಿಯಾಗುವುದೂ ಉಂಟು. ಅಂಗಡಿಯಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ, ವಾರದೊಳಗೆ ಮತ್ತೆ ಅದೇ ಪಾಡು. ಈಗ ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ. ಹೊಸದನ್ನೇ ತಗೊಳ್ಳಲೇ? ಮಕ್ಕಳ ಹತ್ತು ವರ್ಷದ ಫೋಟೊಗಳು ಅದರ ಡಿ ಡ್ರೈವ್‌ನಲ್ಲಿವೆ.

ಉತ್ತರ: ಹೊಸದು ಈಗಲೇ ಬೇಡ, ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡೂ ಬೇಡ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಎರಡು ಸಲ ಫಾರ್ಮ್ಯಾಟ್ ಮಾಡಿದ ಮೇಲೂ ವಾರದೊಳಗೆ ಅದೇ ತೊಂದರೆ ಬಂತು ಎಂದರೆ ತಪ್ಪು ವಿಂಡೋಸ್‌ನದಲ್ಲ. ಡಬ್ಬಿಗೆ ತಟ್ಟಿದಾಗ ಸರಿಹೋಗುತ್ತದೆ ಎಂದರೆ ಒಳಗೆ ಯಾವುದೋ ಜೋಡಣೆ ಸಡಿಲವಾಗಿದೆ, ಇಲ್ಲವೆ ಕೊಳೆ ಹಿಡಿದಿದೆ. ಬೇಸಿಗೆಯಲ್ಲಿ ಇಲ್ಲದ ಕಾಟ ಜೂನ್‌ನಲ್ಲಿ ಶುರುವಾಯಿತು ಎಂದರೆ ಅದಕ್ಕೆ ತೇವ ಸೇರಿಕೊಂಡಿದೆ. ಮೂರನ್ನೂ ಕೂಡಿಸಿ ನೋಡಿದರೆ ನನ್ನ ಮೊದಲ ಅನುಮಾನ, ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ‍್ಯಾಮ್ ಮತ್ತು ಅದು ಕೂರುವ ಸ್ಲಾಟ್ ಮೇಲೆ, ಎರಡನೆಯದು ಡಬ್ಬಿಯೊಳಗೆ ಕರೆಂಟು ಹಂಚುವ ಪವರ್ ಸಪ್ಲೈ ಮೇಲೆ, ಮೂರನೆಯದು ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ಮೇಲೆ. ಮದರ್‌ಬೋರ್ಡ್ ಸರದಿ ಇವೆಲ್ಲ ಮುಗಿದ ಮೇಲೆ. ಪರೀಕ್ಷೆ ಶುರುಮಾಡಲು ಬೇಕಾದದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಮೆತ್ತಗಿನ ಬಿಳಿ ರಬ್ಬರ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಪೆನ್‌ಡ್ರೈವ್, ಮತ್ತು ಮಳೆ ಬಿಟ್ಟ ಒಂದು ಮಧ್ಯಾಹ್ನ.

ಆದರೆ ಎಲ್ಲಕ್ಕಿಂತ ಮೊದಲು ಫೋಟೊ. ಹ್ಯಾಂಗ್ ಆದಾಗಲೆಲ್ಲ ಬಟನ್ ಒತ್ತಿ ಹಿಡಿದು ಬಂದ್ ಮಾಡುತ್ತಿದ್ದೀರಿ. ಡಿಸ್ಕ್ ಬರೆಯುತ್ತಿರುವ ಹೊತ್ತಿಗೆ ಹಾಗೆ ಕರೆಂಟು ತಪ್ಪಿದರೆ ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು. ಇದೇ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡುವುದೂ ಪೂರ್ತಿ ಸುರಕ್ಷಿತವಲ್ಲ. ಕಾಪಿ ಆಗುವ ಪ್ರತಿಯೊಂದು ಬೈಟೂ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ, ರ‍್ಯಾಮ್‌ನಲ್ಲೇ ದೋಷ ಇದ್ದರೆ ಕೆಟ್ಟ ಪ್ರತಿ ತಯಾರಾಗಿ, ಯಾವ ಎಚ್ಚರಿಕೆಯೂ ಬರದೆ ಹೋಗಬಹುದು. ಹಾಗಾಗಿ ಹಾರ್ಡ್ ಡಿಸ್ಕ್ ಬಿಚ್ಚಿ, ಸಾಟಾದಿಂದ (ಡಿಸ್ಕನ್ನು ಬೋರ್ಡಿಗೆ ಸೇರಿಸುವ ಜೋಡಣೆ) ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಹಾಕಿ, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಕಾಪಿ ಮಾಡಿಕೊಳ್ಳಿ. ಅಡಾಪ್ಟರ್ ತರುವಾಗ ಒಂದು ವಿಷಯ ನೋಡಿ: ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಅದು ಯುಎಸ್‌ಬಿಯಿಂದ ಬರುವುದಿಲ್ಲ. ಗೋಡೆಗೆ ಚುಚ್ಚುವ ಪ್ರತ್ಯೇಕ ಪವರ್ ಅಡಾಪ್ಟರ್ ಜೊತೆಗಿರುವುದನ್ನೇ ಕೇಳಿ. ಕಾಪಿ ಆದ ಮೇಲೆ ಬೇರೆ ಬೇರೆ ವರ್ಷದ ಹತ್ತಿಪ್ಪತ್ತು ಫೋಟೊ ತೆರೆದು ಕಣ್ಣಾರೆ ನೋಡಿ. ಫೋಲ್ಡರಿನ ಗಾತ್ರ ಸರಿ ಇದೆ ಎಂದಷ್ಟಕ್ಕೇ ನಂಬಬೇಡಿ.

ಮಳೆಗಾಲದಲ್ಲೇ ಯಾಕೆ

ಸಮುದ್ರದ ಗಾಳಿ ಉಪ್ಪಿನ ಅತಿ ಸಣ್ಣ ಕಣಗಳನ್ನು ಹೊತ್ತು ತರುತ್ತದೆ. ಸಿಪಿಯು ಡಬ್ಬಿಯ ಫ್ಯಾನುಗಳು ಆ ಗಾಳಿಯನ್ನು ಒಳಗೆಳೆದು ಬೋರ್ಡಿನ ಮೇಲೆ ಹಾಯಿಸುತ್ತವೆ. ಗಾಳಿ ಒಣಗಿರುವಾಗ ಆ ಉಪ್ಪು ದೂಳಿನ ಜೊತೆ ದೂಳಾಗಿ ಕೂತಿರುತ್ತದೆ, ಕೆಡುಕು ಮಾಡುವುದಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಅದು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದು ಇದೇ ಕಾರಣಕ್ಕೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಆ ಮಟ್ಟದ ಮೇಲೆ ಇರುವ ದಿನಗಳೇ ಹೆಚ್ಚು. ಕರಗಿದ ಉಪ್ಪು ಕರೆಂಟು ಹಾಯಿಸುತ್ತದೆ, ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಈ ಎರಡೂ ಒಂದೇ ಜಾಗದಲ್ಲಿ, ಕೂದಲೆಳೆಯಷ್ಟು ಅಂತರದಲ್ಲಿ ನಡೆಯುತ್ತಿರುತ್ತವೆ.

ಡಿಡಿಆರ್4 ಎಂಬ ಬಗೆಯ ರ‍್ಯಾಮ್‌ನ ಅಂಚಿನಲ್ಲಿ 288 ಚಿನ್ನದ ಲೇಪದ ಪಟ್ಟಿಗಳಿವೆ, ಒಂದೊಂದೂ ಒಂದು ಮಿಲಿಮೀಟರಿಗಿಂತ ಕಿರಿದು. 2400 ಎಂದು ಬರೆದಿರುವ ರ‍್ಯಾಮ್ ಎಂದರೆ ಡೇಟಾ ಹೊರುವ ಒಂದೊಂದು ಪಟ್ಟಿಯೂ ಸೆಕೆಂಡಿಗೆ 240 ಕೋಟಿ ಸಲ ಸೊನ್ನೆಯನ್ನೋ ಒಂದನ್ನೋ ಸಾಗಿಸಬೇಕು. ಅಲ್ಲಿ ತೆಳು ಕಿಲುಬಿನ ಪರೆ ಬಂದರೆ ಎಂದಾದರೂ ಒಂದು ಸಲ ಸೊನ್ನೆ ಹೋಗಿ ಒಂದು ಆಗಿಬಿಡಬಹುದು. ಆ ತಪ್ಪು ಫೋಟೊದ ಬಣ್ಣದಲ್ಲಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ವಿಂಡೋಸ್‌ನ ಮುಖ್ಯ ಕೋಡಿನಲ್ಲಿ ಬಿದ್ದರೆ ಇಡೀ ಯಂತ್ರ ಇದ್ದಲ್ಲೇ ನಿಲ್ಲುತ್ತದೆ. ಸೌಂಡ್ ಚಿಪ್ ಮಾತ್ರ ತನ್ನ ಬಳಿ ಉಳಿದ ಚೂರು ಸದ್ದನ್ನೇ ತಿರುಗಾಮುರುಗಾ ನುಡಿಸುತ್ತಿರುತ್ತದೆ. ನೀವು ಬರೆದ ‘ಟರ್ರ್’ ಅದೇ.

ಬೆಳಿಗ್ಗೆ ಹಠ ಹಿಡಿಯುವುದೂ ಇದಕ್ಕೆ ಹೊಂದುತ್ತದೆ. ರಾತ್ರಿ ಬಂದ್ ಆಗಿದ್ದ ಬೋರ್ಡು ತಣ್ಣಗಿದ್ದು ತೇವ ಹಿಡಿದಿರುತ್ತದೆ. ಮೂರು ಸಲ ಪ್ರಯತ್ನಿಸಿದ ಮೇಲೆ ಎದ್ದರೆ, ಅದರದೇ ಕಾವಿಗೆ ಅರ್ಧ ಗಂಟೆಯಲ್ಲಿ ಆ ತೇವ ಆರುತ್ತದೆ. ಕಿಲುಬು ಮಾತ್ರ ಆರುವುದಿಲ್ಲ, ಹಾಗಾಗಿ ನಡುನಡುವೆ ಹ್ಯಾಂಗ್ ಆಗುವುದು ತಪ್ಪುವುದಿಲ್ಲ.

ಡಬ್ಬಿ ಬಿಚ್ಚದೆಯೇ ಒಂದು ಪರೀಕ್ಷೆ ಮಾಡಬಹುದು. ಟಾರ್ಚು ಹಿಡಿದು ಡಬ್ಬಿಯ ಹಿಂಬದಿ ನೋಡಿ. ಮುಚ್ಚಳದ ಸ್ಕ್ರೂ, ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟಿನ ಎರಡು ಬದಿಯ ಷಟ್ಕೋನದ ನಟ್ಟು, ಯುಎಸ್‌ಬಿ ಪೋರ್ಟುಗಳ ತಗಡಿನ ಅಂಚು, ಇಲ್ಲೆಲ್ಲ ಕೆಂಪು ಜಂಗೋ ಬಿಳಿ ಹುಡಿಯೋ ಕಂಡರೆ ಒಳಗಿನ ಜೋಡಣೆಗಳೂ ಅದೇ ಗಾಳಿ ಉಂಡಿವೆ ಎಂದು ತಿಳಿಯಿರಿ. ಹಿಂಬದಿ ಹೊಸದರಂತೆ ಹೊಳೆಯುತ್ತಿದ್ದರೆ ನನ್ನ ಅನುಮಾನದ ಪಟ್ಟಿಯಲ್ಲಿ ಪವರ್ ಸಪ್ಲೈಯನ್ನು ಮೊದಲಿಗೆ ತನ್ನಿ.

ಎಲ್ಲ ಹ್ಯಾಂಗೂ ಒಂದೇ ಅಲ್ಲ

‘ಹ್ಯಾಂಗ್’ ಎಂಬ ಒಂದೇ ಮಾತಿನಲ್ಲಿ ಐದಾರು ಬೇರೆ ಬೇರೆ ಕಾಯಿಲೆ ಅಡಗಿವೆ. ಅಂಗಡಿಯವರು ಎಲ್ಲಕ್ಕೂ ಫಾರ್ಮ್ಯಾಟ್ ಮಾಡುವುದು ಇದರಿಂದಲೇ. ಮುಂದಿನ ಸಲ ನಿಂತಾಗ ತಕ್ಷಣ ಬಟನ್ ಒತ್ತಬೇಡಿ, ಒಂದು ನಿಮಿಷ ಪರೀಕ್ಷಿಸಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಬದುಕಿದೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿ. ಪರದೆ ಒಮ್ಮೆ ಮಿನುಗಿ ಸರಿಹೋದರೆ ತೊಂದರೆ ಪರದೆ ನಡೆಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರಿನದು. ಮೌಸ್ ಓಡಾಡುತ್ತಿದ್ದು, ಯಾವುದನ್ನು ಒತ್ತಿದರೂ ಮಿಸುಕದೆ, ಡಬ್ಬಿಯ ಮುಂದಿನ ಡಿಸ್ಕ್ ದೀಪ ಬಿಡದೆ ಉರಿಯುತ್ತಿದ್ದು, ಎರಡು ಮೂರು ನಿಮಿಷಕ್ಕೆ ತಾನಾಗಿ ಸರಿಹೋದರೆ ಅದು ಡಿಸ್ಕಿನ ಕಾಯಿಲೆ. ಪರದೆ ಮಾತ್ರ ಕಪ್ಪಾಗಿ ಹಾಡು ಮುಂದುವರಿದರೆ ಮಾನಿಟರ್ ಕೇಬಲ್ ನೋಡಿ. ಇದ್ದಕ್ಕಿದ್ದಂತೆ ಆರಿಹೋದರೆ ಪವರ್ ಸಪ್ಲೈ ಇಲ್ಲವೆ ಕಾವು. ಕ್ಯಾಪ್ಸ್ ಲಾಕ್ ದೀಪವೂ ಸತ್ತಿದ್ದು ಸದ್ದು ಒಂದೇ ಸ್ವರದಲ್ಲಿ ಸಿಕ್ಕಿಬಿದ್ದರೆ ರ‍್ಯಾಮ್, ಪವರ್ ಸಪ್ಲೈ, ಬೋರ್ಡ್ ಈ ಮೂರರಲ್ಲಿ ಒಂದು. ನಿಮ್ಮದು ಈ ಕೊನೆಯ ಗುಂಪಿಗೆ ಸೇರಿದ್ದು.

ಪರೀಕ್ಷೆ ಆದ ಮೇಲೆ ಪವರ್ ಬಟನ್ನನ್ನು ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದು ಬಂದ್ ಮಾಡಿ. ಒಂದು ಕಾಗದದ ಮೇಲೆ ದಿನ, ಗಂಟೆ, ಮಳೆ ಇತ್ತೋ ಇಲ್ಲವೋ, ಕರೆಂಟು ಹೋಗಿ ಬಂದಿತ್ತೋ, ಯಾವ ಗುಂಪಿನ ಹ್ಯಾಂಗು, ಇಷ್ಟು ಬರೆದಿಡಿ. ವಾರದಲ್ಲಿ ಹತ್ತು ಸಾಲು ಆದರೆ ಸಾಕು. ಅಂಗಡಿಗೆ ಹೋಗಬೇಕಾಗಿ ಬಂದರೆ ಆ ಕಾಗದ ನಿಮ್ಮ ಪರವಾಗಿ ಮಾತಾಡುತ್ತದೆ.

ವಿಂಡೋಸ್‌ನಲ್ಲೂ ಒಂದು ದಿನಚರಿ ಇದೆ. ಸ್ಟಾರ್ಟ್ ಒತ್ತಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ದಿನದಿನದ ದೋಷಗಳ ಪಟ್ಟಿ ತೆರೆಯುತ್ತದೆ. ಇನ್ನೂ ವಿವರ ಬೇಕಾದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಭಾಗ. ಅಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ ಗಾಬರಿ ಬೇಡ. ಸರಿಯಾಗಿ ಬಂದ್ ಮಾಡದೆ ಯಂತ್ರ ನಿಂತಿತ್ತು ಎಂದಷ್ಟೇ ಅದರ ಅರ್ಥ, ಅದು ಕಾರಣ ಹೇಳುವುದಿಲ್ಲ. ಅದಕ್ಕೆ ಮೊದಲಿನ ಸಾಲುಗಳಲ್ಲಿ ‘ಡಿಸ್ಕ್’ ಹೆಸರಿನಲ್ಲಿ 7, 51 ಅಥವಾ 153 ಬಂದಿದ್ದರೆ ಹಾರ್ಡ್ ಡಿಸ್ಕ್ ಅಥವಾ ಅದರ ಕೇಬಲ್. ‘ವೀಆ-ಲಾಗರ್’ ಹೆಸರಿನಲ್ಲಿ ಏನಾದರೂ ಬಂದಿದ್ದರೆ ಯಂತ್ರಭಾಗದ ದೋಷವನ್ನು ಪ್ರೊಸೆಸರೇ ವರದಿ ಮಾಡಿದೆ ಎಂದರ್ಥ. ಯಾವ ಸಾಲೂ ಇಲ್ಲದೆ ನೇರ 41 ಮಾತ್ರ ಇದ್ದರೆ, ಬರೆಯಲೂ ಸಮಯ ಸಿಗದಷ್ಟು ಬೇಗ ನಿಂತಿದೆ. ರ‍್ಯಾಮ್ ಮತ್ತು ಪವರ್ ಸಪ್ಲೈ ದೋಷದಲ್ಲಿ ಹೆಚ್ಚಾಗಿ ಹೀಗಾಗುತ್ತದೆ.

ರ‍್ಯಾಮ್ ಬಿಚ್ಚಿ ಒರೆಸುವುದು

ಈ ಕೆಲಸವನ್ನು ಅವಸರವಿಲ್ಲದೆ ಮಾಡಿ. ಮಳೆ ಬಿಟ್ಟ ಮಧ್ಯಾಹ್ನವೇ ಆಗಲಿ, ಹೊರಗೆ ಧೋ ಎಂದು ಸುರಿಯುವಾಗ ಬಿಚ್ಚಿದರೆ ಒಳಗೆ ಇನ್ನಷ್ಟು ತೇವ ಸೇರಿಸಿದಂತೆ. ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟು ಹೋಗುತ್ತದೆ. ಡಬ್ಬಿಯ ಎಡಬದಿಯ ಮುಚ್ಚಳಕ್ಕೆ ಹಿಂದೆ ಎರಡು ಸ್ಕ್ರೂ ಇರುತ್ತವೆ. ಒಳಗೆ ಕೈ ಹಾಕುವ ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯ ಸ್ಥಿರ ವಿದ್ಯುತ್ತು ಇಳಿಯುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಯಾವ ತಂತಿ ಎಲ್ಲಿತ್ತು ಎಂದು ಆಮೇಲೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಪ್ರೊಸೆಸರಿನ ಫ್ಯಾನ್ ಪಕ್ಕದಲ್ಲಿ ಉದ್ದಕ್ಕೆ ನಿಂತ ಪಟ್ಟಿಗಳೇ ರ‍್ಯಾಮ್. ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ಪಟ್ಟಿ ತಾನಾಗಿ ಮೇಲೇಳುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದೇ ಬದಿಗೆ ಕ್ಲಿಪ್ ಇರುತ್ತದೆ, ಇನ್ನೊಂದು ಬದಿಯನ್ನು ಎಳೆದು ಮುರಿಯಬೇಡಿ. ಎರಡು ಅಂಚು ಹಿಡಿದು ನೇರ ಮೇಲಕ್ಕೆತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಚೆನ್ನಾಗಿರುವ ಪಟ್ಟಿಗಳು ಕನ್ನಡಿಯಂತೆ ಹಳದಿ ಹೊಳೆಯುತ್ತವೆ. ಕಾಯಿಲೆ ಹಿಡಿದವು ಉಸಿರು ಬಿಟ್ಟ ಕನ್ನಡಿಯಂತೆ ಮಂಕಾಗಿರುತ್ತವೆ. ಕೆಲವದರ ಕೆಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆ ಕಂಡೀತು. ಚಿನ್ನಕ್ಕೆ ಕಿಲುಬಿಲ್ಲ ನಿಜ, ಆದರೆ ಲೇಪ ಎಷ್ಟು ತೆಳುವೆಂದರೆ ಅದರ ಸೂಕ್ಷ್ಮ ರಂಧ್ರಗಳಿಂದ ಕೆಳಗಿನ ತಾಮ್ರ ಕಿಲುಬಾಗಿ ಮೇಲೆ ಬರುತ್ತದೆ.

ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಶೇ. 99 ಎಂದು ಬರೆದಿರುವುದೇ ಬೇಕು. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತವೆ. ಕನ್ನಡಕ ಒರೆಸುವ ಬಟ್ಟೆಯಂಥ ನೂಲು ಬಿಡದ ಬಟ್ಟೆ ಸಾಕು. ಮಂಕು ಹೋಗದಿದ್ದರೆ ಮಾತ್ರ ಬಿಳಿ ರಬ್ಬರಿನಿಂದ, ಮೇಲಿನಿಂದ ಅಂಚಿನ ಕಡೆಗೆ ಮಾತ್ರ, ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಪಟ್ಟಿ ಎದ್ದುಬರುವ ಭಯವಿದೆ. ಇಂಕು ಅಳಿಸುವ ಒರಟು ರಬ್ಬರನ್ನು ಮುಟ್ಟಲೇಬೇಡಿ, ಒಂದೇ ಸಲಕ್ಕೆ ಚಿನ್ನ ಹೋಗುತ್ತದೆ. ಮೆತ್ತಗಿನ ರಬ್ಬರೂ ರ‍್ಯಾಮ್‌ನ ಆಯುಷ್ಯದಲ್ಲಿ ಒಂದೆರಡು ಸಲಕ್ಕೆ ಸಾಕು, ಪ್ರತಿ ತಿಂಗಳ ವಾಡಿಕೆ ಮಾಡಿಕೊಳ್ಳಬೇಡಿ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ದೂರ ಕೂತು ಉಜ್ಜಿ, ಕೊನೆಗೆ ಮತ್ತೊಮ್ಮೆ ಆಲ್ಕೊಹಾಲಿನಲ್ಲಿ ಒರೆಸಿ.

ಅಂಗಡಿಗಳಲ್ಲಿ ಇಷ್ಟಕ್ಕೇ ನಿಲ್ಲಿಸುತ್ತಾರೆ, ಸ್ಲಾಟನ್ನು ಮರೆಯುತ್ತಾರೆ. ಕಿಲುಬು ಪಟ್ಟಿಯಲ್ಲಿ ಇದ್ದಷ್ಟೇ ಸ್ಲಾಟಿನ ಸ್ಪ್ರಿಂಗುಗಳಲ್ಲೂ ಇರುತ್ತದೆ. ಹೊಸ ಮೆತ್ತಗಿನ ಬ್ರಷ್ಷಿನಿಂದ ದೂಳು ತೆಗೆದು, ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಸ್ವಲ್ಪ ಹೊಡೆದು, ರ‍್ಯಾಮ್ ಪಟ್ಟಿಯನ್ನು ನಾಲ್ಕೈದು ಸಲ ಕೂರಿಸಿ ತೆಗೆಯಿರಿ. ಆ ತಿಕ್ಕಾಟವೇ ಸ್ಪ್ರಿಂಗನ್ನು ಉಜ್ಜುತ್ತದೆ. ಕೀಲು, ಬಿಜಾಗರಿಗೆ ಹೊಡೆಯುವ ತುಕ್ಕಿನ ಎಣ್ಣೆ, ತೆಂಗಿನೆಣ್ಣೆ, ಪೆಟ್ರೋಲ್ ಯಾವುದೂ ಬೇಡ. ಬಾಯಿಂದ ಊದುವುದೂ ಬೇಡ, ಉಸಿರಿನಲ್ಲಿ ನೀರಿದೆ. ಹದಿನೈದು ನಿಮಿಷ ಆರಲು ಬಿಡಿ.

ಈಗ ಎರಡನ್ನೂ ಹಾಕದೆ ಒಂದೇ ರ‍್ಯಾಮ್ ಹಾಕಿ. ಎರಡು ಬದಿಯಿಂದ ಸಮನಾಗಿ ಒತ್ತಿದರೆ ‘ಟಕ್’ ಎಂದು ಕ್ಲಿಪ್ ಬೀಳಬೇಕು. ಮೆಮ್‌ಟೆಸ್ಟ್86 ಎಂಬ ಉಚಿತ ಪ್ರೋಗ್ರಾಮನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಅದರಿಂದ ಯಂತ್ರ ಎಬ್ಬಿಸಿ. ನಾಲ್ಕು ಸುತ್ತು ಮುಗಿಯಲು ಕೆಲವು ಗಂಟೆ ಬೇಕು. ಒಂದೇ ಒಂದು ಕೆಂಪು ಸಾಲು ಬಂದರೂ ಅದು ಫೇಲ್, ‘ಒಂದೇ ತಾನೆ’ ಎಂದು ಬಿಡುವಂತಿಲ್ಲ. ಹೀಗೆ ಮೊದಲ ರ‍್ಯಾಮ್ ಮೊದಲ ಸ್ಲಾಟಿನಲ್ಲಿ, ಎರಡನೆಯದು ಅದೇ ಸ್ಲಾಟಿನಲ್ಲಿ, ಆಮೇಲೆ ಚೆನ್ನಾಗಿರುವ ರ‍್ಯಾಮ್ ಎರಡನೇ ಸ್ಲಾಟಿನಲ್ಲಿ. ದೋಷ ರ‍್ಯಾಮ್ ಜೊತೆ ಊರು ಬದಲಿಸಿದರೆ ರ‍್ಯಾಮ್ ಕೆಟ್ಟಿದೆ. ಸ್ಲಾಟಿನಲ್ಲೇ ಉಳಿದರೆ ಸ್ಲಾಟ್ ಕೆಟ್ಟಿದೆ. ಒಂದು ಸ್ಲಾಟ್ ಮಾತ್ರ ಕೆಟ್ಟಿದ್ದರೆ ಬೋರ್ಡ್ ಎಸೆಯಬೇಕಿಲ್ಲ, ಒಳ್ಳೆಯ ಸ್ಲಾಟಿಗೆ 8 ಜಿಬಿಯ ಒಂದೇ ಪಟ್ಟಿ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ಹೊಸ ರ‍್ಯಾಮ್ ತರುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಡಿಡಿಆರ್3 ಮತ್ತು ಡಿಡಿಆರ್4ರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ರ‍್ಯಾಮ್ ಕೆಟ್ಟಿದ್ದರೆ ಎಸೆಯುವ ಮೊದಲು ವಾರಂಟಿ ವಿಚಾರಿಸಿ, ಹಲವು ಕಂಪನಿಗಳು ರ‍್ಯಾಮ್‌ಗೆ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಕೊಡುತ್ತವೆ.

ಡಬ್ಬಿ ಬಿಚ್ಚಿದಾಗಲೇ ಇನ್ನೂ ಎರಡು ಕೆಲಸ ಮುಗಿಸಿ. ಡಿಸ್ಕಿನಿಂದ ಬೋರ್ಡಿಗೆ ಹೋಗುವ ಚಪ್ಪಟೆ ಸಾಟಾ ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತು ಮತ್ತೆ ಹಾಕಿ, ಅಂಗಡಿಯಲ್ಲಿ ಸಿಕ್ಕರೆ ಹೊಸದನ್ನೇ ಹಾಕಿ. ಪ್ರೊಸೆಸರಿನ ಕಾವು ಹೀರುವ ಹೀಟ್‌ಸಿಂಕ್ ನೋಡಿ. ನಮ್ಮ ಕರಾವಳಿಯ ದೂಳು ಉಪ್ಪು ತೇವ ಕೂಡಿ ಅಂಟಂಟಾಗಿರುತ್ತದೆ, ಬ್ಲೋವರಿಗೆ ಹಾರುವುದಿಲ್ಲ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದಲೇ ತೆಗೆಯಬೇಕು. ಹೀಟ್‌ಸಿಂಕ್ ಅಲುಗಾಡುತ್ತಿದ್ದರೆ ಅದರ ನಾಲ್ಕು ಪಿನ್‌ಗಳಲ್ಲಿ ಒಂದು ಮೇಲೆದ್ದಿದೆ ಎಂದರ್ಥ. ಆಗ ಪೂರ್ತಿ ಬಿಚ್ಚಿ, ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿ ಕೂರಿಸಿ. ಬಿಗಿಯಾಗಿದ್ದರೆ ಮುಟ್ಟಬೇಡಿ. ಕಾವಿನಿಂದ ಈಗಿನ ಪ್ರೊಸೆಸರುಗಳು ಹ್ಯಾಂಗ್ ಆಗುವುದು ಕಡಿಮೆ. 100 ಡಿಗ್ರಿ ಹತ್ತಿರ ಬಂದರೆ ತಾವಾಗಿ ನಿಧಾನವಾಗುತ್ತವೆ, ಮಿತಿ ಮೀರಿದರೆ ಆರುತ್ತವೆ.

ಡಿಸ್ಕ್ ಮತ್ತು ಕರೆಂಟು

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಮ್ ಡಿಸ್ಕಿನ ಆರೋಗ್ಯವನ್ನು ಅದರ ಬಾಯಿಂದಲೇ ಹೇಳಿಸುತ್ತದೆ. ಪಟ್ಟಿಯಲ್ಲಿ ನೋಡಬೇಕಾದದ್ದು ನಾಲ್ಕು ಸಾಲು: 05, ಸಿ5, ಸಿ6 ಮತ್ತು ಸಿ7. ಮೊದಲ ಮೂರರ ಕೊನೆಯ ಅಂಕಣದಲ್ಲಿ ಸೊನ್ನೆಯಲ್ಲದೆ ಬೇರೆ ಅಂಕಿ ಇದ್ದರೆ ಡಿಸ್ಕಿನ ಮೇಲ್ಮೈ ಸಾಯುತ್ತಿದೆ, ಹೊಸದು ತನ್ನಿ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದೆ, ಕೇಬಲ್ ಇಲ್ಲವೆ ಅದರ ಜೋಡಣೆ ಕೆಟ್ಟಿದೆ. ಕೇಬಲ್ ಬದಲಿಸಿದ ಮೇಲೂ ಸಿ7 ಹಳೆಯ ಅಂಕಿಯಲ್ಲೇ ನಿಂತಿರುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. ಮತ್ತೆ ಏರದಿದ್ದರೆ ಸಾಕು. ಫೋಟೊ ಕಾಪಿ ಆಗುವ ಮೊದಲು ಪೂರ್ತಿ ಡಿಸ್ಕ್ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಕೆರೆದರೆ ಅದರ ಕೊನೆಯ ಶಕ್ತಿ ತಪಾಸಣೆಗೇ ಖರ್ಚಾಗುತ್ತದೆ.

ಪವರ್ ಸಪ್ಲೈ ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಯಂತ್ರ ನಡೆಯುತ್ತಿರುವಾಗ ಖಾಲಿ ಬಿದ್ದಿರುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಕಪ್ಪು ತಂತಿಗೆ ಕಪ್ಪು ಮೊನೆ, ಹಳದಿಗೆ ಕೆಂಪು ಮೊನೆ ಇಡಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕೆಂಪು ತಂತಿಯಲ್ಲಿ 4.75ರಿಂದ 5.25. ಎರಡು ಮೊನೆ ಒಂದಕ್ಕೊಂದು ತಾಗದಂತೆ ಎಚ್ಚರ. ಖಾಲಿ ಕೂತಾಗ 12.1 ಇದ್ದದ್ದು ಭಾರದ ಪ್ರೋಗ್ರಾಮ್ ಓಡಿಸಿದಾಗ 11.3ಕ್ಕೆ ಇಳಿದರೆ ನಿಮ್ಮ ಕಳ್ಳ ಸಿಕ್ಕಿದ. ಮೀಟರಿನಲ್ಲಿ ಸರಿ ಕಂಡರೂ ಒಳಗೆ ಕೆಟ್ಟಿರುವುದುಂಟು, ಮಿಲಿಸೆಕೆಂಡಿನ ಕುಸಿತ ಮೀಟರಿಗೆ ಕಾಣುವುದಿಲ್ಲ. ಅಂಥ ಅನುಮಾನಕ್ಕೆ ಮದ್ದು ಒಂದೇ, ಪರಿಚಯದವರ ಒಳ್ಳೆಯ ಸಪ್ಲೈ ತಂದು ಎರಡು ದಿನ ಹಾಕಿ ನೋಡುವುದು. ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಡಬ್ಬಿಯ ಜೊತೆ ಬಂದ ಹೆಸರಿಲ್ಲದ ಸಪ್ಲೈ ಆರು ಮಳೆಗಾಲ ಕಂಡಿದ್ದರೆ ಅದನ್ನು ಬದಲಿಸುವುದು ದುಂದಲ್ಲ. ಕರೆಂಟು ಕಡಿಮೆ ಪೋಲು ಮಾಡುತ್ತದೆ ಎಂದು ಸೂಚಿಸುವ 80 ಪ್ಲಸ್ ಗುರುತಿನ 400–450 ವ್ಯಾಟಿನದು ನಿಮ್ಮ ಯಂತ್ರಕ್ಕೆ ಧಾರಾಳ.

ಯುಪಿಎಸ್ ಇದ್ದರೆ ಅದನ್ನೂ ಪರೀಕ್ಷಿಸಿ. ವಿಂಡೋಸ್ ತೆರೆಯದೆ, ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ನಿಲ್ಲಿಸಿ ಯುಪಿಎಸ್‌ನ ಪ್ಲಗ್ ಕಿತ್ತು ನೋಡಿ. ಅಲ್ಲಿ ಆರಿದರೂ ಯಾವ ಫೈಲೂ ಕೆಡುವುದಿಲ್ಲ. ತಕ್ಷಣ ಆರಿದರೆ ಬ್ಯಾಟರಿ ಸತ್ತಿದೆ. ಸಾಮಾನ್ಯ 600 ವಿಎ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಇದ್ದರೆ ಹಿಂಬದಿಯ ಸ್ವಿಚ್ ‘ಯುಪಿಎಸ್’ ಕಡೆಗೆ ಇರಲಿ. ನಮ್ಮ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್. ಪೂರ್ತಿ ಭಾರದಲ್ಲಿ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು ಅಷ್ಟು ಹೊತ್ತೂ ಇಲ್ಲ, ಇನ್ವರ್ಟರಿನ ಸಾಮಾನ್ಯ ಮೋಡ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರು ಇದೇ ಕ್ರಮ ಹಿಡಿಯುವುದಾದರೆ ಕರೆಂಟಿನಿಂದ ಶುರುಮಾಡಿ. ಅಲ್ಲಿ ಉಪ್ಪಿಲ್ಲ. ಕಾಡಿನೊಳಗೆ, ಅಡಿಕೆ ತೋಟದ ಪಕ್ಕದಲ್ಲಿ ಹಾದು ಬರುವ ಉದ್ದ ಲೈನು, ಅದರ ಮೇಲೆ ಬೀಳುವ ಟೊಂಗೆ, ಬೇಸಿಗೆಯ ಪಂಪ್‌ಸೆಟ್ ಭಾರ, ಏಪ್ರಿಲ್–ಮೇ ಸಿಡಿಲು ಇವು ಅಲ್ಲಿಯ ಶತ್ರುಗಳು. ಸಾಕೆಟಿನಲ್ಲಿ 230 ವೋಲ್ಟಿಗೆ ಶೇ. 6ರಷ್ಟು ಆಚೀಚೆ, ಅಂದರೆ 216ರಿಂದ 244 ಇರಬೇಕು. ಸಂಜೆ ಆರರಿಂದ ಒಂಬತ್ತರ ನಡುವೆ ಅಳೆಯಿರಿ. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಕೆಲಸ ನಿಲ್ಲಿಸುತ್ತದೆ, ಅದಕ್ಕೆ ನೀರು ಹೊಯ್ಯುವುದು ಬಹಳ ಮನೆಗಳಲ್ಲಿ ಮರೆತೇ ಹೋಗಿದೆ. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕು.

ರಿಪೇರಿ ಆದ ಮೇಲೆ

ಸ್ವಚ್ಛ ಮಾಡಿದ ಯಂತ್ರ ವಾರವಿಡೀ ನಿಲ್ಲದೆ ನಡೆದರೆ ಎರಡು ಸುಧಾರಣೆ ಮಾಡಿಸಿ. ಹಾರ್ಡ್ ಡಿಸ್ಕನ್ನು ಫೋಟೊ ಇಡುವುದಕ್ಕೆ ಬಿಟ್ಟು, ವಿಂಡೋಸ್‌ಗೆ 256 ಜಿಬಿಯ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿ. ಚದುರಿದ ಸಣ್ಣ ಫೈಲುಗಳನ್ನು ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಓದಿದರೆ ಎಸ್‌ಎಸ್‌ಡಿ ಹತ್ತಾರು ಸಾವಿರ ಓದುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ನಿಮ್ಮ ಐ3 ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಆಗಿದ್ದರೆ ವಿಂಡೋಸ್ 11 ಹಾಕಬಹುದು. ‘ಟಿಪಿಎಂ ಇಲ್ಲ’ (ವಿಂಡೋಸ್ 11 ಕೇಳುವ ಭದ್ರತಾ ಭಾಗ) ಎಂದು ಬಂದರೆ ಬಯೋಸ್‌ನಲ್ಲಿ ‘ಪಿಟಿಟಿ’ ಎಂಬುದನ್ನು ಆನ್ ಮಾಡಿ.

ಡಬ್ಬಿಯನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಡಿ, ಮಳೆಗಾಲದಲ್ಲಿ ನೆಲ ಬೆವರುತ್ತದೆ. ಗೋಡೆಯಿಂದ ಅರ್ಧ ಅಡಿ ದೂರ, ಪಶ್ಚಿಮದ ಕಿಟಕಿಗೆ ನೇರ ಎದುರಾಗದಂತೆ ಇರಲಿ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ತೇವ ಒಳಗೇ ಸಿಕ್ಕಿಬೀಳುತ್ತದೆ. ಹೊದಿಸಲೇಬೇಕೆಂದರೆ ಹತ್ತಿಯ ಬಟ್ಟೆ, ಅದೂ ಬಂದ್ ಮಾಡಿ ತಣ್ಣಗಾದ ಮೇಲೆ. ಕೆಲಸವಿರಲಿ ಬಿಡಲಿ, ದಿನಕ್ಕೆ ಒಂದು ಗಂಟೆ ಯಂತ್ರ ಹಚ್ಚಿಡಿ. ಅದರದೇ ಕಾವು ಅದನ್ನು ಒಣಗಿಸುತ್ತದೆ. ಚೌತಿಗೆಂದು ಊರಿಗೆ ಹೋಗಿ ಹದಿನೈದು ದಿನ ಬಂದ್ ಇಟ್ಟ ಯಂತ್ರ ಬಂದ ದಿನವೇ ಹಠ ಹಿಡಿಯುವುದು ಈ ಕಾವು ತಪ್ಪಿದ್ದಕ್ಕೆ. ಎಸಿ ಕೋಣೆಯಲ್ಲಿದ್ದರೆ ಇನ್ನೊಂದು ಎಚ್ಚರ: 30 ಡಿಗ್ರಿ, ಶೇ. 85 ತೇವಾಂಶದ ಗಾಳಿ ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಲೋಹಕ್ಕೆ ತಾಗಿದರೂ ಹನಿಗಟ್ಟುತ್ತದೆ. 24ರಲ್ಲಿ ತಣ್ಣಗಾದ ಕೋಣೆಯ ಕಿಟಕಿ ತೆರೆದ ಮೇಲೆ ಅರ್ಧ ಗಂಟೆ ಬಿಟ್ಟು ಯಂತ್ರ ಹಚ್ಚಿ. ಹಿಂಬದಿಯ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಿಸಿ, ಹಲ್ಲಿ ಇರುವೆ ಒಳಸೇರುವುದು ಅಲ್ಲಿಂದಲೇ. ಒಳಗೆ ಇರುವೆ ಪುಡಿ ಉದುರಿಸಬೇಡಿ.

ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದರೆ ಬೋರ್ಡಿಗೆ ಬನ್ನಿ. ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು, ಪೆನ್‌ಡ್ರೈವ್‌ನಿಂದ ವಿಂಡೋಸ್‌ನಂಥದೇ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಎಬ್ಬಿಸಿ, ಇನ್‌ಸ್ಟಾಲ್ ಮಾಡದೆ ಹಾಗೆಯೇ ಮೂರು ನಾಲ್ಕು ಗಂಟೆ ನಡೆಸಿ. ರ‍್ಯಾಮ್ ಪಾಸಾಗಿದ್ದು, ಸಪ್ಲೈ ಬದಲಾಗಿದ್ದು, ಡಿಸ್ಕೂ ವಿಂಡೋಸೂ ಇಲ್ಲದೆಯೂ ಹ್ಯಾಂಗ್ ಆದರೆ ಆಗ ಬೋರ್ಡು ಎಂದು ಹೇಳಬಹುದು, ಅಪರೂಪಕ್ಕೆ ಪ್ರೊಸೆಸರ್. ಪ್ರೊಸೆಸರಿನ ಸುತ್ತಲಿನ ಸಣ್ಣ ಡಬ್ಬಿಯಾಕಾರದ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಅಂಟು ಒಸರಿದೆಯೇ, ರ‍್ಯಾಮ್ ಸ್ಲಾಟಿನ ಬುಡದಲ್ಲಿ ಹಸಿರು ಹರಡಿದೆಯೇ ನೋಡಿ, ಫೋಟೊ ತೆಗೆದುಕೊಳ್ಳಿ. ಅಂಗಡಿಗೆ ಹೋದಾಗ ಆ ಫೋಟೊ, ಹ್ಯಾಂಗ್ ಆದ ದಿನಗಳ ಕಾಗದ, ಮೆಮ್‌ಟೆಸ್ಟ್ ಫಲಿತಾಂಶ ಮೂರನ್ನೂ ಮುಂದಿಟ್ಟು, ಫಾರ್ಮ್ಯಾಟ್ ಮಾಡಬಾರದು ಎಂದು ರಸೀದಿಯ ಮೇಲೆಯೇ ಬರೆಸಿ. ಬೋರ್ಡು ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ, ಹೊಸದು ನಿಮ್ಮ ಪ್ರೊಸೆಸರಿಗೂ ಡಿಡಿಆರ್4ಕ್ಕೂ ಹೊಂದುವುದೇ ಎಂದು ಮಾದರಿ ಸಂಖ್ಯೆ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ದುಡ್ಡು ಕೊಡಿ.